ಅಳಿವೆಯ ಮರಳಿನಲ್ಲಿ ನಿಂತುಹೋದ ಹೆಜ್ಜೆ

ದೆವ್ವ ಅಂದರೆ ನನಗೆ ನಗು ಬರುತ್ತಿತ್ತು. ಅಂಥ ಕಥೆ ಕಟ್ಟಿ ಬೇರೆಯವರನ್ನು ಹೆದರಿಸುವುದೇ ನನ್ನ ಕೆಲಸ. ಮಿಠಾಯಿ ಅಂಗಡಿಯವನು ತನ್ನ ಮಿಠಾಯಿ ತಾನೇ ತಿನ್ನುತ್ತಾನೆಯೇ? ಈ ಕಥೆಯನ್ನು ಕ್ಲಾಸಿನಲ್ಲಿ ಹೇಳುವಾಗ ಅಲೆ ತೆಂಗಿನಮರದಷ್ಟು ಎತ್ತರ ಇತ್ತು ಅಂದಿದ್ದೇನೆ. ನಿಮಗೆ ನಿಜ ಹೇಳುತ್ತೇನೆ: ಸೊಂಟದಷ್ಟಿತ್ತು. ಸರಿ, ಮೊಣಕಾಲಿಗಿಂತ ಸ್ವಲ್ಪ ಮೇಲೆ.

ಅಪ್ಪ ವಿಜ್ಞಾನಿ. ಮೈಸೂರಿನಿಂದ ವರ್ಗವಾಗಿ ಬಂದು ಆಗ ನಾವು ಕೇರಳದ ತುಂಬ ಎಂಬ ಕಡಲತೀರದ ಊರಿನಲ್ಲಿದ್ದೆವು. ನಾನು ಒಂಬತ್ತನೇ ಕ್ಲಾಸು. ಹತ್ತಿರದಲ್ಲೇ ಹಿನ್ನೀರು ಸಮುದ್ರ ಸೇರುವ ಅಳಿವೆ. ಮಳೆಗಾಲ ಕಳೆದ ಮೇಲೆ ಅದರ ಬಾಯಿಯಾಚೆ ಹೊಸ ಮರಳದಿಬ್ಬ ಎದ್ದಿತ್ತು. ಇಳಿತವಿದ್ದಾಗ ಮಾತ್ರ ಕಾಣುವಂಥದ್ದು. ಯಾರೂ ಕಾಲಿಡದ ಆ ‘ದ್ವೀಪ’ದಲ್ಲಿ ವಿಡಿಯೋ ಮಾಡಿಸಿಕೊಳ್ಳುವ ಆಸೆ ನನಗೆ.

ಒಂದು ಸಂಜೆ ಅಕ್ಕನನ್ನು ಕಾಡಿಸಿ ಕರೆದುಕೊಂಡು ಹೋದೆ. ಅವಳು ಫೋನ್ ಹಿಡಿದು, ದೂರದಲ್ಲಿ ದಡಕ್ಕೆ ಎಳೆದಿಟ್ಟಿದ್ದ ದೋಣಿಯ ಪಕ್ಕ ನಿಂತಳು. ನಾನು ಅಳಿವೆಯ ಕಡೆಯಿಂದ, ಪಾದ ಮುಳುಗುವಷ್ಟು ನೀರು ದಾಟಿ ನೇರವಾಗಿ ದಿಬ್ಬ ಹತ್ತಿದೆ. ಮಹಾರಾಜನ ಹಾಗೆ ಕೈ ಬೀಸಿದೆ, ಏಡಿಯ ಹಾಗೆ ಕುಣಿದೆ. ನನಗೆ ಈಜು ಬರುವುದಿಲ್ಲ ಅನ್ನುವುದೇ ಮರೆತುಹೋಗಿತ್ತು.

“ಎಡಾ, ಸಾಕು ಬಾರೋ! ನೀರು ಏರ್ತಿದೆ!”

“ಇನ್ನೊಂದೇ ಟೇಕ್, ಚೇಚಿ!” ಊರಿನವರಿಂದ ನಾವಿಬ್ಬರೂ ಕಲಿತ ಮಲಯಾಳ ಇಷ್ಟೇ: ‘ಎಡಾ’ ಅಂದರೆ ಲೋ, ‘ಚೇಚಿ’ ಅಂದರೆ ಅಕ್ಕ.

ತಿರುಗಿ ನೋಡಿದರೆ ಬಂದ ದಾರಿಯೇ ಇಲ್ಲ. ದಡಕ್ಕೂ ದಿಬ್ಬಕ್ಕೂ ನಡುವೆ ಉಬ್ಬರದ ನೀರು ಹೊಳೆಯಂತೆ ನುಗ್ಗುತ್ತಿತ್ತು. ಕಾಲಿಟ್ಟೆ, ತೊಡೆಯವರೆಗೂ ಇಳಿಯಿತು, ಚಪ್ಪಲಿ ಕೊಚ್ಚಿಹೋಯಿತು. ಹೇಗೋ ಮೇಲೆ ತೆವಳಿದೆ.

ಆಗ ಕಂಡಿತು. ನಾನು ಕುಣಿದ ಜಾಗದ ಹಿಂದೆಯೇ, ಕೈಗೆಟಕುವಷ್ಟು ಹತ್ತಿರ, ಎರಡು ಬರಿಗಾಲಿನ ಗುರುತು. ನನ್ನ ಪಾದಕ್ಕಿಂತ ದೊಡ್ಡವು, ಬೆರಳುಗಳು ಅಗಲ. ಅವುಗಳ ಹಿಂದೆ ಸಾಲು ಸಾಲು ಹೆಜ್ಜೆ. ಯಾರೋ ನನ್ನ ಬೆನ್ನವರೆಗೂ ನಡೆದು ಬಂದು ನಿಂತಿದ್ದರು. ವಾಪಸ್ ಹೋದ ಗುರುತಿರಲಿಲ್ಲ.

ಸಿಂಹದಂತೆ ಗರ್ಜಿಸಿದೆ ಅಂತ ಕ್ಲಾಸಿನಲ್ಲಿ ಹೇಳುತ್ತೇನೆ. ನಿಜಕ್ಕೂ ಅಂದದ್ದು ‘ಅಮ್ಮಾ’ ಅಂತ, ಅದೂ ಪಿಸುದನಿಯಲ್ಲಿ. ಬೇರೆ ದಾರಿಯಿಲ್ಲದೆ ಆ ಹೆಜ್ಜೆಗಳು ಬಂದ ಕಡೆಗೇ ನಡೆದೆ. ಅವು ಅರ್ಧಚಂದ್ರದಂತೆ ಬಳಸಿ, ಬರೀ ನೊರೆ ಕಾಣುತ್ತಿದ್ದ ಕಡೆಗೆ ಹೋಗಿದ್ದವು. ನೊರೆಯ ಕೆಳಗೆ ಗಟ್ಟಿ ಮರಳಿತ್ತು. ಅದರ ಮೇಲೆಯೇ ನಡೆದು ದಡ ಸೇರಿದೆ. ಆ ಸಾಲಿನ ಮೊದಲ ಹೆಜ್ಜೆ ದೋಣಿಯ ಪಕ್ಕ, ಅಕ್ಕನ ಕಾಲ ಬಳಿಯೇ ಇತ್ತು.

“ನನ್ನ ಹತ್ರ ಯಾರು ಬಂದಿದ್ದು?”

“ಯಾರೂ ಇಲ್ಲ ಕಣೋ. ನಾನು ಇಲ್ಲೇ ನಿಂತಿದ್ನಲ್ಲ?”

ಆಮೇಲೆ ಅವಳೂ ಕೆಳಗೆ ನೋಡಿದಳು. ನನ್ನ ಕೈ ಹಿಡಿದವಳು ಮನೆಯವರೆಗೂ ಬಿಡಲಿಲ್ಲ. ವಿಡಿಯೋದಲ್ಲಿ ನಾನೊಬ್ಬನೇ ಇದ್ದೆ.

ಚೆನ್ನಾಗಿ ಬೈದ ಮೇಲೆ ಅಪ್ಪ ತಟ್ಟೆಯಲ್ಲಿ ಸಕ್ಕರೆ ಹರಡಿ ವಿವರಿಸಿದರು. “ಇಳಿತ ಮರಳನ್ನ ಹೊರಕ್ಕೆ ತಳ್ಳತ್ತೆ, ಅಲೆ ಅದನ್ನ ದಡಕ್ಕೆ ನೂಕತ್ತೆ. ಇಬ್ಬರ ಜಗಳದಲ್ಲಿ ದಿಬ್ಬ ಹೀಗೆ ಬಾಗತ್ತೆ. ಒಂದು ತುದಿ ದಡಕ್ಕೆ ಅಂಟ್ಕೊಂಡಿತ್ತು, ನೀನು ಬದುಕಿದೆ.”

“ಹೆಜ್ಜೆ?”

“ನಿನ್ನ ಕಥೆಗೆ ಯಾವಾಗ್ಲೂ ಕೈಕಾಲು ಜಾಸ್ತಿ,” ಎಂದು ನಕ್ಕರು. ಅಕ್ಕ ತಲೆ ಎತ್ತಲಿಲ್ಲ.

ಬಂದದ್ದು ದಾರಿ ತೋರಿಸಲೋ, ಬೆನ್ನಿಗೆ ಕೈಯಿಟ್ಟು ನೀರಿಗೆ ತಳ್ಳಲೋ, ಇವತ್ತಿಗೂ ಗೊತ್ತಿಲ್ಲ. ಈಗ ನಾವು ಕೊಚ್ಚಿ ಕಡೆ, ತ್ರಿಪ್ಪುಣಿತ್ತುರದಲ್ಲಿದ್ದೇವೆ. ಗೆಳೆಯರ ಜೊತೆ ಬೀಚಿಗೆ ಹೋದರೆ ನಾನು ಮರಳಿನ ಮೇಲೆ ಹಿಮ್ಮುಖವಾಗಿ ನಡೆಯುತ್ತೇನೆ. ಅವರು ಬಿದ್ದು ಬಿದ್ದು ನಗುತ್ತಾ ವಿಡಿಯೋ ಮಾಡುತ್ತಾರೆ. ನಾನೂ ನಗುತ್ತೇನೆ. ಕಣ್ಣು ಮಾತ್ರ ನಾನು ಬಂದ ಹೆಜ್ಜೆಗಳ ಮೇಲಿರುತ್ತದೆ.