ಅಜ್ಜಿ ನೀರು ಹಾಕಿದ ಮಕ್ಕಳು

ನನ್ನ ಮೊಮ್ಮಗಳು ಹುಟ್ಟಿ ಇವತ್ತಿಗೆ ಇಪ್ಪತ್ತೆರಡು ದಿನ. ದಿಲ್ಲಿಯ ಜನಕಪುರಿಯ ಈ ಮನೆಯಲ್ಲಿ ನನ್ನ ಕಾಲು ನೆಲಕ್ಕೆ ತಾಗುತ್ತಿಲ್ಲ. ತರಕಾರಿ ಮಾರುವ ಭಯ್ಯಾನನ್ನೂ ಕರೆದು ಲಡ್ಡು ಕೊಟ್ಟೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ಆದರೆ ಈ ಕೂಸನ್ನು ಎತ್ತಿಕೊಂಡಾಗಲೆಲ್ಲ ನನ್ನ ಅಜ್ಜಿ ಹತ್ತಿರ ಬಂದು ನಿಂತ ಹಾಗಾಗುತ್ತದೆ. ಅದನ್ನು ಯಾರಿಗಾದರೂ ಹೇಳದೆ ಇರಲಾರೆ.

ಅಜ್ಜಿ ತೊಂಬತ್ತಮೂರು ವರ್ಷ ಬದುಕಿದಳು. ಕೊನೆಯ ಇಪ್ಪತ್ತು ವರ್ಷ ಇದೇ ಮನೆಯಲ್ಲಿ. ನನ್ನ ಬಾಣಂತನಕ್ಕೆಂದು ರೈಲು ಹತ್ತಿ ಬಂದವಳು ತಿರುಗಿ ಹೋಗಲೇ ಇಲ್ಲ. ಹಿಂದಿ ಒಂದಕ್ಷರ ಬಾರದು. ಆದರೂ ಮೇಲಿನ ಮನೆಗಳ ಪಂಜಾಬಿ ಸೊಸೆಯರು ತಮ್ಮ ಹಸುಗೂಸುಗಳನ್ನು ತಂದು ಅವಳಿಗೆ ಒಪ್ಪಿಸುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಿಡಿದು ಕೊಡುವಳು.

"ಅಳ್ಲಿ ಬಿಡೇ, ಗಂಟಲು ಬಲಿಯತ್ತೆ" ಎಂದು ಕನ್ನಡದಲ್ಲೇ ಗದರುವಳು.

"ಹಾಂಜಿ ಮಾತಾಜಿ" ಎಂದು ಅವರು ತಲೆಯಾಡಿಸುವರು.

ನನ್ನ ಮಗಳು ಹುಟ್ಟಿದಾಗ ನನಗೂ ಕಲಿಸುತ್ತೇನೆಂದಳು. ನಾನು ಮಣೆಯ ಮೇಲೆ ಕೂತೂ ಆಗಿತ್ತು. ಎಣ್ಣೆ ಬಿಸಿ ಮಾಡಿ ತಂದವಳು, ಸಾರಿಗೆ ಉಪ್ಪು ಕಮ್ಮಿಯಾಯಿತು ಎನ್ನುವಷ್ಟು ಸಲೀಸಾಗಿ ಹೇಳಿದಳು: "ನನ್ನ ಮೊದಲನೇ ಕೂಸು ನೀರು ಹಾಕುವಾಗ್ಲೇ ಹೋಯ್ತು ಕಣೇ. ನಂಗಾಗ ಹದಿನೈದು ವರ್ಷ. ಕೈ ಜಾರ್ತು."

"ಅಯ್ಯೋ! ಆಮೇಲೂ ಬೇರೆ ಮಕ್ಕಳನ್ನ ಹೇಗೆ ಮುಟ್ಟಿದೆ ಅಜ್ಜಿ?"

"ಮುಟ್ಟದೆ ಈ ಕೈಗಳನ್ನ ಎಲ್ಲಿ ಇಟ್ಕೊಳ್ಲಿ?"

ನಾನು ಮಣೆಯಿಂದ ಎದ್ದುಬಿಟ್ಟೆ. ಮತ್ತೆ ಕೂರಲಿಲ್ಲ. ನನ್ನ ಮಗಳಿಗೆ ಪೂರ್ತಿ ಅವಳೇ ಎರೆದಳು.

ಅಜ್ಜಿ ಹೋದ ಮೇಲೆ ನಲ್ಲಿ ತೊಟ್ಟಿಕ್ಕಿದರೂ ಸಾಕು, ಬಚ್ಚಲಲ್ಲಿ ಅವಳು ಕೂತಿದ್ದಾಳೆ ಅನಿಸುತ್ತಿತ್ತು. ಕಾಲ ಮೇಲೆ ಹೆಸರಿಡದ ಆ ಮೊದಲ ಕೂಸು. ಬಾಗಿಲು ತೆಗೆಯುವ ಮುಂಚೆ ಒಂದು ಸಲ ಕೆಮ್ಮುವುದು ನನಗೆ ಅಭ್ಯಾಸವಾಯಿತು. ಇಂದಿಗೂ ಬಿಟ್ಟಿಲ್ಲ.

ಈಗ ಆ ಮಗಳೇ ಬಾಣಂತಿ. ದಿಲ್ಲಿಯಲ್ಲೇ ಬೆಳೆದವಳು.

"ಅಮ್ಮಾ, ನಿಂಗೆ ನೀರು ಹಾಕಕ್ಕೆ ಬರತ್ತಲ್ಲಾ? ಪಕ್ಕಾ? ಇಲ್ಲಾಂದ್ರೆ ಎಣ್ಣೆ ತಿಕ್ಕೋ ಮಾಲಿಶ್‌ವಾಲಿನ ಕರೀತೀನಿ."

"ಯಾರ ಮೊಮ್ಮಗಳು ಅಂದ್ಕೊಂಡಿದೀಯಾ ನನ್ನ? ಬರದೇ ಏನು!"

ಸಂತೋಷದ ಭರದಲ್ಲಿ ಬಾಯಿಗೆ ಬಂದ ಸುಳ್ಳು. ಈ ಕೂಸನ್ನು ಬೇರೆಯವರು ಮುಟ್ಟುವುದು ನನಗೆ ಬೇಡವಾಗಿತ್ತು.

ಹೊಕ್ಕುಳು ಒಣಗಲೆಂದು ಅಲ್ಲಿಯವರೆಗೆ ಬರೀ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆವು. ಮೊನ್ನೆ ಬೆಳಿಗ್ಗೆ ಮಣೆಯ ಮೇಲೆ ಕೂತೆ. ಮಗಳು ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿದಳು. ಬಾಣಂತಿ ಥಂಡಿಯಲ್ಲಿ ನಿಲ್ಲಬಾರದೆಂದು ನಾನೇ ಅವಳನ್ನು ಆಚೆ ಕಳಿಸಿದೆ. ಎಣ್ಣೆ ತಾಗಿದ್ದೇ ತಡ, ಕೂಸಿನ ಮೈ ಜಾರತೊಡಗಿತು. ಚೊಂಬು ಎತ್ತಲಾರೆ, ಕೂಸನ್ನು ಬಿಡಲಾರೆ. ಹಾಗೆ ಎಷ್ಟು ಹೊತ್ತು ಕೂತೆನೋ. ಆಮೇಲೆ ನನ್ನ ಎಡಗೈ ತಾನಾಗಿ ಹೋಗಿ, ಕಣ್ಣಿಗೆ ನೀರಿಳಿಯದ ಹಾಗೆ, ಕೂಸಿನ ಹಣೆಗೆ ಅಡ್ಡ ಕೂತಿತು. ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಬೆರಳುಗಳನ್ನು ನೋಡಿದೆ. ಊದಿದ, ಸೊಟ್ಟಗಾದ ಗೆಣ್ಣುಗಳು, ಥೇಟ್ ಅಜ್ಜಿಯವು. ನೀರು ಎರೆದೆ. ನಾನು ಎರೆದೆನೋ, ಅವಳು ಎರೆದಳೋ.

ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ಮಗಳು ಹಿಗ್ಗಿಹೋದಳು. "ಎಕ್ಸ್‌ಪರ್ಟ್ ನೀನು ಅಮ್ಮಾ!"

ಆ ಮಾತು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ, ಅಜ್ಜಿಯ ಕೂಸಿನ ಕಥೆಯನ್ನೂ.

"ಪಾಗಲ್ ಹೋ ಕ್ಯಾ? ನನ್ನ ಮಗು ಮೇಲೆ ಟ್ರೈ ಮಾಡಿದ್ಯಾ?"

ಕೂಸನ್ನು ಅವಚಿಕೊಂಡು ಹೋಗಿ ರೂಮಿನ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ. ಮುಗಿಯಿತು, ಇನ್ನು ಕೂಸನ್ನು ನನ್ನ ಕೈಗೆ ಕೊಡುವುದಿಲ್ಲ ಎಂದುಕೊಂಡೆ.

ನಿನ್ನೆ ಬೆಳಿಗ್ಗೆ ಅವಳೇ ಗೀಸರ್ ಹಾಕಿದಳು. ಪ್ಲಾಸ್ಟಿಕ್ ಸ್ಟೂಲು ತಂದು ನನ್ನ ಮಣೆಯ ಪಕ್ಕ ಇಟ್ಟು ಕೂತಳು.

"ಬಾಣಂತಿ ಕಣೇ ನೀನು, ಥಂಡಿ ಆಗತ್ತೆ."

"ಆಗ್ಲಿ. ಕೈ ಜಾರಿದ್ರೆ ಹಿಡಿಯೋಕೆ ಒಬ್ರು ಬೇಡ್ವಾ? ಮುತ್ತಜ್ಜಿ ಜೊತೆ ಯಾರಿದ್ರು ಅವತ್ತು?"

ಯಾರೂ ಇರಲಿಲ್ಲ. ಅಜ್ಜಿಯ ಅತ್ತೆ ನೀರು ಸೇದಲು ಬಾವಿಗೆ ಹೋಗಿದ್ದರಂತೆ, ಅಜ್ಜಿಯೇ ಒಮ್ಮೆ ಹೇಳಿದ್ದಳು. ಇಷ್ಟು ವರ್ಷದಲ್ಲಿ ನನಗೆ ಅದನ್ನು ಯೋಚಿಸಬೇಕೆಂದೂ ತೋಚಿರಲಿಲ್ಲ.

ನಾನು ಚೊಂಬು ಎತ್ತಿದೆ. ಮಗಳು ಕೂಸಿನ ಎರಡೂ ಪಕ್ಕಕ್ಕೆ ಕೈ ಒಡ್ಡಿದಳು. ಆ ಇಕ್ಕಟ್ಟಿನಲ್ಲಿ ಮೂವರೂ ತೊಯ್ದುಹೋದೆವು.