ಪಟ್ಟಿಯ ಮೊದಲ ಸಾಲು

ನನಗೆ ನೆಂಟರೆಂದರೆ ತಲೆನೋವು. ಗಂಡನ ಕಡೆಯದೊಂದು ಪಟಾಲಂ, ತವರಿನದು ಇನ್ನೊಂದು. ಭಾನುವಾರ ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಕಿಟಕಿಯ ಸಂದಿಯಿಂದ ಇಣುಕಿ, ಉಸಿರು ಬಿಗಿಹಿಡಿದು ನಿಲ್ಲುವ ಜಾತಿ ನನ್ನದು. ಇಂಥವಳ ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕೂತು ಕೆಲಸ ಮಾಡಿದವಳು ಹಲ್ಲಕ್ಕ. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ.

ಹಲ್ಲಕ್ಕ ಎಂಬುದು ನಾವಿಟ್ಟ ಹೆಸರು. ನಮ್ಮದು ಹಲ್ಲು ಕಟ್ಟುವ ಕೆಲಸ. ದಂತವೈದ್ಯರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತೇವೆ, ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ, ಕೊನೆಗೆ ಸೆಟ್ಟು ಮಾಡಿ ಕಳಿಸುತ್ತೇವೆ. ಆ ಬಾಯಿ ಯಾರದೆಂದು ನಾವು ಕಣ್ಣಾರೆ ನೋಡಿದ್ದೇ ಇಲ್ಲ. ಉದ್ದನೆಯ ಕೋಣೆ, ಒಂದೇ ಕಿಟಕಿ, ಗೋಡೆಯ ಹಲಗೆಗಳ ತುಂಬ ಯಾರ್ಯಾರದೋ ದವಡೆಗಳು. ಸಂಜೆ ತಲೆಗೂದಲು ಕೊಡವಿದರೆ ಬಿಳಿ ಪುಡಿ ಉದುರುತ್ತದೆ. ಹಲ್ಲಕ್ಕ ಕಟ್ಟಿದ ಸೆಟ್ಟು ದೂರು ಹೊತ್ತು ವಾಪಸ್ ಬಂದದ್ದನ್ನು ನಾನು ಕಂಡಿಲ್ಲ. ನನ್ನವು ಬರುತ್ತಿದ್ದವು, ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಲೀಕರು ಅಭ್ಯಾಸಕ್ಕೆಂದು ಒಬ್ಬರ ಬಾಯಿಯ ಅಚ್ಚನ್ನು ಇನ್ನೊಬ್ಬರಿಂದ ತೆಗೆಸಿದ್ದರು. ಅವಳ ಕೆಳದವಡೆಯ ಅಚ್ಚಿನ ಒಳಮಗ್ಗುಲಲ್ಲಿ, ನಾಲಿಗೆಯ ಎಡಕ್ಕೆ, ಬಟಾಣಿ ಕಾಳಿನಷ್ಟು ಗಂಟೊಂದು ಎದ್ದಿತ್ತು. ನನ್ನ ಕೈಯೇ ಕೆಟ್ಟಿತೆಂದು ಇನ್ನೊಮ್ಮೆ ತೆಗೆದೆ. ಮತ್ತೆ ಅದೇ ಗಂಟು.

"ಅದು ನಂದೇ ಕಣೇ. ಮೂಳೆ ಅಲ್ಲಿ ಉಬ್ಬಿದೆ, ಮೊದಲಿಂದಾನೂ ಹಂಗೇ" ಅಂದಳು.

"ಬಾಯೊಳಗೆ ಗುಡ್ಡ ಇಟ್ಕೊಂಡು ಅದ್ಹೇಗಕ್ಕ ಇಷ್ಟು ಮಾತಾಡ್ತೀಯ?" ಎಂದು ರೇಗಿಸಿದ್ದೆ. ಆ ಅಚ್ಚು ಬಹಳ ಕಾಲ ಅವಳ ಮೇಜಿನ ಮೇಲೆ ಚೀಟಿಗಳು ಹಾರದಂತೆ ಭಾರಕ್ಕೆ ಕೂತಿತ್ತು.

ಹಲ್ಲಕ್ಕ ಅನಾಥಾಲಯದಲ್ಲಿ ಬೆಳೆದವಳು. ಆಸ್ಪತ್ರೆಯಿಂದ ನೇರವಾಗಿ ಅಲ್ಲಿಗೆ ಬಂದ ಕೂಸು ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಮದುವೆ ಆಗಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಇರುತ್ತಿದ್ದಳು. ಯಾರಾದರೂ ಅಯ್ಯೋ ಪಾಪ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಐವತ್ತು ದಾಟಿದ ಮೇಲೆ ಒಮ್ಮೆ ಎದೆನೋವು ಬಂದು ಆಸ್ಪತ್ರೆ ಸೇರಿದಾಗ ವೈದ್ಯರು, ನಿಮ್ಮ ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತಾ ಎಂದು ಕೇಳಿದರಂತೆ. ಗೊತ್ತಿಲ್ಲ ಎಂದಳಂತೆ. ಅಪ್ಪನಿಗೆ? ಗೊತ್ತಿಲ್ಲ. ಅಮ್ಮನಿಗೆ? ಗೊತ್ತಿಲ್ಲ. ಅವರು ತಲೆಯೆತ್ತಿ ಅವಳ ಮುಖ ನೋಡಿದರಂತೆ. ಆ ನೋಟ ಅವಳನ್ನು ಬಿಡಲಿಲ್ಲ.

ಕೆಲಸಕ್ಕೆ ಮರಳಿದ ದಿನವೇ ಡಿಎನ್‌ಎ ಪರೀಕ್ಷೆ ಮಾಡಿಸುತ್ತೇನೆಂದಳು. "ಒಬ್ಬರಾದ್ರೂ ಸಾಕು ಕಣೇ. ಬದುಕಿರೋರು. ಎದುರಿಗೆ ಕೂತು ಒಂದ್ಸಲ ನೋಡಬೇಕು, ಅಷ್ಟೇ."

ಪರೀಕ್ಷೆಯ ಕಂಪನಿಯಿಂದ ನಳಿಕೆ ಬಂತು. ಗೆರೆಯವರೆಗೆ ಉಗುಳಿ ತುಂಬಿಸಿ ಕಳಿಸಬೇಕು. "ಜೀವಮಾನವೆಲ್ಲ ಊರವರ ಎಂಜಲಲ್ಲಿ ಕೈಯಾಡಿಸಿದೆ. ಈಗ ನನ್ನ ಎಂಜಲು ಯಾರೋ ನೋಡ್ತಾರೆ, ನೋಡ್ಲಿ" ಅಂದಳು. ಗಡಿಬಿಡಿಯಲ್ಲಿ ಹೆಸರು ತುಂಬುವುದನ್ನೇ ಮರೆತು ಕಳಿಸಿದಳು. ಸ್ವಲ್ಪ ದಿನಕ್ಕೆ, ನಳಿಕೆಯ ಮೇಲಿನ ನಂಬರ್ ಹಿಡಿದು, ಸರಿಯಾಗಿಲ್ಲ, ಇನ್ನೊಂದು ಕಳಿಸಿ ಎಂದು ಉತ್ತರ ಬಂತು. ಎರಡನೆಯದನ್ನು ಹೆಸರು ಗಿಸರು ಎಲ್ಲ ತುಂಬಿ ಕಳಿಸಿದಳು.

ಫಲಿತಾಂಶ ಬಂದ ದಿನ ಊಟದ ಬಿಡುವಿನಲ್ಲಿ ಇಬ್ಬರೂ ಅವಳ ಫೋನಿನ ಮೇಲೆ ಬಗ್ಗಿದೆವು. ಪಟ್ಟಿ ಎಷ್ಟು ಉದ್ದವಿತ್ತೆಂದರೆ ಬೆರಳಿನಿಂದ ಸರಿಸಿ ಸರಿಸಿ ಸಾಕಾಯಿತು. ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿದವರಲ್ಲಿ ಅವಳ ರಕ್ತದ ಚೂರುಪಾರು ಹಂಚಿಕೊಂಡವರು ಸಾವಿರಗಟ್ಟಲೆ ಜನ! ಎಲ್ಲಕ್ಕಿಂತ ಮೇಲೆ ಹೆಸರಿಲ್ಲದ ಒಂದು ಸಾಲು, ಅದರ ಮುಂದೆ ನೂರಕ್ಕೆ ನೂರು ಹೊಂದಾಣಿಕೆ ಎಂದಿತ್ತು.

"ಮೊದಲನೇ ನಳಿಕೆನೂ ಓದಿಬಿಟ್ಟಿದಾರೆ ನೋಡು. ಹೆಸರು ಹಾಕಿರಲಿಲ್ವಲ್ಲ, ಅದು" ಅಂದಳು.

"ಅಂತೂ ನಿನಗೆ ಅತಿ ಹತ್ತಿರದ ನೆಂಟಳು ನೀನೇ ಅಂತಾಯ್ತು" ಅಂದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಪಟ್ಟಿ ತೆರೆದಾಗಲೆಲ್ಲ ಆ ಸಾಲು ಮೊದಲು ಕಣ್ಣಿಗೆ ಬಿದ್ದು ಕಿರಿಕಿರಿ ಮಾಡುತ್ತಿತ್ತು. ಬೇಡದ ಸಾಲನ್ನು ಮುಚ್ಚಿಡುವ ಸೌಲಭ್ಯವಿದೆ. ಮುಚ್ಚಿದಳು. ಆಮೇಲೆ ಉಳಿದ ಸಾವಿರಗಳ ಬೆನ್ನು ಹತ್ತಿದಳು.

ಅದರಲ್ಲಿ ಹತ್ತಿರದವರೆನ್ನಬಹುದಾದವರು ಒಬ್ಬರೂ ಇರಲಿಲ್ಲ. ಇವಳಿಗೂ ಅವರಿಗೂ ಮುತ್ತಜ್ಜಿಯ ಅಮ್ಮನೋ ಅವರ ಅಜ್ಜನೋ ಒಬ್ಬರೇ ಇದ್ದಿರಬಹುದು ಎನ್ನುವಂಥ ದೂರದವರು. ನಮ್ಮ ಕೋಣೆಯಲ್ಲಿ ಒಂದೊಂದು ಬಾಯಿಗೆ ಒಂದೊಂದು ಬಣ್ಣದ ಟ್ರೇ ಇರುತ್ತದೆ. ಸೀಳು ಬಿಟ್ಟ ಹಳೆಯ ಟ್ರೇಗಳನ್ನೆಲ್ಲ ಹಲ್ಲಕ್ಕ ಮನೆಗೆ ಹೊತ್ತಳು. ಪಟ್ಟಿಯ ಒಬ್ಬೊಬ್ಬರ ಹೆಸರನ್ನೂ ಚೀಟಿಯಲ್ಲಿ ಬರೆದು, ಪರಸ್ಪರ ಹೊಂದುವವರನ್ನು ಒಂದೇ ಬಣ್ಣದ ಟ್ರೇಗೆ ಹಾಕುವುದು, ಹಾಗೆ ಮಾಡುತ್ತ ಹೋದರೆ ಒಂದು ಬಣ್ಣ ಅಮ್ಮನ ಕಡೆ, ಇನ್ನೊಂದು ಅಪ್ಪನ ಕಡೆ ಎಂದು ಬೇರೆಯಾಗುತ್ತದೆ ಎನ್ನುವುದು ಅವಳ ಲೆಕ್ಕ. ಲೆಕ್ಕ ಸರಿಯೇ ಇತ್ತು. ಆದರೆ ವಾರ ವಾರ ಹೊಸಬರು ಬಂದು ಸೇರುತ್ತಿದ್ದರು. ಹಸಿರು ಟ್ರೇಯವನು ಹಳದಿಗೂ ಹೊಂದುತ್ತಿದ್ದ. ಹಳದಿಯವಳು ಎಲ್ಲರಿಗೂ ಹೊಂದಿಬಿಡುತ್ತಿದ್ದಳು.

"ನಮ್ಮ ಮನೆಯವರನ್ನೂ ಸೇರಿಸ್ಕೊಳ್ಳಕ್ಕ, ಪುಕ್ಕಟೆ ಕೊಡ್ತೀನಿ" ಎನ್ನುತ್ತಿದ್ದೆ.

ನೂರಾರು ಜನಕ್ಕೆ ಬರೆದಳು. ಉತ್ತರ ಕೊಟ್ಟವರು ಬೆರಳೆಣಿಕೆ. ಒಬ್ಬಾಕೆ ಮನೆಮಂದಿಯ ಫೋಟೊ ಕಳಿಸಿ, ಇದರಲ್ಲಿ ಯಾರ ಮೂಗು ನಿಮ್ಮದು ಹೇಳಿ ಎಂದಳು. ಒಬ್ಬ ಮಹಾಶಯ, ಮೊದಲು ನಿಮ್ಮ ತಂದೆ ಯಾರೆಂದು ತಿಳಿಸಿ, ಆಮೇಲೆ ಮಾತಾಡೋಣ ಎಂದು ಬರೆದ. "ಅದನ್ನೇ ತಾನೇ ನಾನು ಇವನನ್ನ ಕೇಳಿದ್ದು" ಎಂದು ಹಲ್ಲಕ್ಕ ಹಲ್ಲು ಕಡಿದಳು. ಇನ್ನೊಬ್ಬರು ವಾರಗಟ್ಟಲೆ ಅಕ್ಕರೆಯಿಂದ ಬರೆದು, ತಮ್ಮ ವಂಶವೃಕ್ಷಕ್ಕೆ ಇವಳಿಂದ ಒಂದು ಕೊಂಬೆಯೂ ಸಿಗುವುದಿಲ್ಲವೆಂದು ಗೊತ್ತಾದ ಕೂಡಲೇ ಸುಮ್ಮನಾದರು. ಅವತ್ತು ಅವಳು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ.

ಒಂದು ಭಾನುವಾರ ನೆಂಟರ ಕಾಟ ತಪ್ಪಿಸಿಕೊಳ್ಳಲು ಅವಳ ಕೋಣೆಗೆ ಹೋದೆ. ಮಂಚದ ಮೇಲೆ ಟ್ರೇ, ಮೇಜಿನ ಮೇಲೆ ಟ್ರೇ, ಒಲೆಯ ಪಕ್ಕ ಟ್ರೇ. ಇದ್ದೊಂದು ಕುರ್ಚಿಯ ಮೇಲಿನ ನೀಲಿ ಟ್ರೇಗಳನ್ನು ನೆಲಕ್ಕಿಳಿಸಿ ನನ್ನನ್ನು ಕೂರಿಸಿ, ತಾನು ನಿಂತಳು. ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ಲಿನ ಚಕ್ರ ತಿರುಗಿಸಿ ಬಿಟ್ಟರೆ ಅದು ನಿಲ್ಲುವತನಕ ಸದ್ದು ಕೇಳುತ್ತಿತ್ತು. ಅಷ್ಟು ಸದ್ದಿಲ್ಲದ ಮನೆ.

"ಇಷ್ಟು ಜನ ಇದಾರೆ ನೋಡು. ಕಾಯಿಲೆ ಬಿದ್ರೆ ಗಂಜಿ ಕೊಡೋಕೆ ಒಬ್ಬರಿಲ್ಲ" ಅಂದಳು. ಅವಳ ಬಾಯಿಂದ ಅಂಥ ಮಾತು ಅದುವರೆಗೆ ನಾನು ಕೇಳಿರಲಿಲ್ಲ. ನಾನು ನೀಲಿ ಟ್ರೇಯ ಚೀಟಿಗಳನ್ನು ಸರಿಯಾಗಿ ಜೋಡಿಸಿ ಕೊಟ್ಟು ಬಂದೆ.

ಹೀಗೇ ಎರಡು ವರ್ಷ ಕಳೆಯಿತು. ಒಂದು ದಿನ ಪರೀಕ್ಷೆಯ ಕಂಪನಿಯವರು ಹಳೆಯ ಗಿರಾಕಿಗಳಿಗೆಲ್ಲ ಒಂದು ಸೂಚನೆ ಕಳಿಸಿದರು. ನಿಮ್ಮ ಒಂದು ನಳಿಕೆ ನಮ್ಮಲ್ಲಿದೆ, ಇಟ್ಟುಕೊಳ್ಳೋಣವೋ ನಾಶ ಮಾಡೋಣವೋ ಎಂದು. ಎಲ್ಲದರಲ್ಲೂ ಅಚ್ಚುಕಟ್ಟು ಬೇಕೆನ್ನುವ ಹಲ್ಲಕ್ಕ, ಒಂದಲ್ಲ, ಎರಡಿರಬೇಕು ನೋಡಿ ಎಂದು ತಿರುಗಿ ಬರೆದಳು. ಉತ್ತರ ಬಂದಾಗ ನಾವು ಕೆಲಸದಲ್ಲಿದ್ದೆವು. ಓದಿ ಫೋನನ್ನು ನನ್ನ ಮುಂದಿಟ್ಟಳು. ಮೊದಲ ನಳಿಕೆ ದಾರಿಯಲ್ಲೇ ಸೋರಿ ಹೋಗಿತ್ತು, ಅದನ್ನು ನಾವು ಓದಲೇ ಇಲ್ಲ, ಅಂದೇ ಎಸೆದೆವು ಎಂದಿತ್ತು.

"ಸರಿ, ಅದಕ್ಕೇನೀಗ?" ಅಂದೆ.

"ಅದನ್ನ ಓದೇ ಇಲ್ಲ ಅಂದ್ರೆ, ಆ ಮೊದಲನೇ ಸಾಲು ಯಾರದು?"

ನನ್ನ ಕೈಯಲ್ಲಿದ್ದ ಮೇಣ ಆರಿಹೋಯಿತು. ಗುರುತು ಪರಿಚಯವಿಲ್ಲದ ಇನ್ನೊಬ್ಬರ ಜೊತೆ ನೂರಕ್ಕೆ ನೂರು ಹೊಂದಬೇಕೆಂದರೆ ಅವರು ಒಂದೇ ಬಸಿರಲ್ಲಿ ಜೊತೆಗೆ ಬೆಳೆದ ತದ್ರೂಪಿ ಅವಳಿಯೇ ಆಗಿರಬೇಕು. ಅವಳಿಗೆ ನನಗಿಂತ ಮೊದಲೇ ಅರ್ಥವಾಗಿತ್ತು.

ಮುಚ್ಚಿಟ್ಟ ಸಾಲನ್ನು ತೆರೆದಳು. ಮುಚ್ಚಿದ ಸಾಲಿನವರು ಬರೆದ ಪತ್ರಗಳೂ ಮುಚ್ಚಿಯೇ ಇರುತ್ತವಂತೆ. ಎರಡು ಪತ್ರಗಳಿದ್ದವು, ಎರಡೂ ಹಳೆಯವು. "ಇದು ನನ್ನ ಅಮ್ಮನ ಪರೀಕ್ಷೆ. ನಿಮ್ಮನ್ನು ಬಹಳ ದಿನದಿಂದ ಹುಡುಕುತ್ತಿದ್ದಾರೆ, ದಯವಿಟ್ಟು ಬರೆಯಿರಿ" ಎಂದು ಮೊದಲನೆಯದು. "ಅಮ್ಮನಿಗೆ ಹುಷಾರಿಲ್ಲ. ಉತ್ತರ ಬಂತಾ ಅಂತ ದಿನಾ ಕೇಳುತ್ತಾರೆ. ಫೋನ್ ಮಾಡಿದರೂ ಸಾಕು" ಎಂದು ಎರಡನೆಯದು. ಕೆಳಗೆ ನಂಬರಿತ್ತು.

ಹಲ್ಲಕ್ಕ ಆಗಷ್ಟೇ ಪ್ಲಾಸ್ಟರ್ ಕಲಸಿದ್ದಳು. ಕೈ ಒರೆಸಿಕೊಳ್ಳಲೂ ಇಲ್ಲ. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ ನಂಬರ್ ಒತ್ತಿದಳು. ಆ ಕಡೆಯಿಂದ ಒಬ್ಬ ಹೆಂಗಸು ಹಲೋ ಎಂದಳು.

"ನೀವು ಬರೆದಿದ್ರಲ್ಲ, ಪರೀಕ್ಷೆ ವಿಷಯ. ನಾನು ಈಗ ನೋಡಿದೆ. ಬೇಕಂತ ಸುಮ್ಮನಿರಲಿಲ್ಲ."

ಹಲ್ಲಕ್ಕ ಫೋನಿನ ಹತ್ತಿರಕ್ಕೆ ಬಗ್ಗಿದಳು.

"ಹಲೋ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಇನ್ನೊಂದ್ಸಲ ಮಾತಾಡಿ."

"ಏನಂತ ಮಾತಾಡ್ಲಿ?"

"ಏನಾದ್ರೂ. ನಮ್ಮಮ್ಮನ ದನಿ ಹಿಂಗೇ ಇತ್ತು."

ಇತ್ತು ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು. ಅಮ್ಮ ಹೋಗಿ ವರ್ಷದ ಮೇಲಾಯಿತಂತೆ, ಹೃದಯದ ಕಾಯಿಲೆ. ನಾನು ನೋಡಿದಾಗ ಬಟ್ಟಲಿನ ಪ್ಲಾಸ್ಟರ್ ಗಟ್ಟಿಯಾಗಿ, ಚಮಚ ಅದರಲ್ಲೇ ಸಿಕ್ಕಿಕೊಂಡಿತ್ತು.

ಮುಂದಿನ ವಾರ ಆ ಮಗಳು ನಮ್ಮ ಕೋಣೆಗೇ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ, ಮೂವತ್ತು ದಾಟಿದ ವಯಸ್ಸು. ಬಾಗಿಲಲ್ಲಿ ನಿಂತು ಹಲ್ಲಕ್ಕನನ್ನು ನೋಡಿದವಳೇ ಮುಖ ತಿರುಗಿಸಿ ಗೋಡೆಯ ದವಡೆಗಳನ್ನು ನೋಡತೊಡಗಿದಳು. ಹಲ್ಲಕ್ಕ ಏಪ್ರನ್ನಿಗೆ ಕೈ ಒರೆಸುತ್ತ ನಿಂತೇ ಇದ್ದಳು. ಕೊನೆಗೆ ನಾನೇ ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟೆ.

"ನಿಮ್ಮನ್ನ ಏನಂತ ಕರೀಲಿ? ಯಾರು ಮೊದಲು ಹುಟ್ಟಿದ್ದು ಅಂತ ಗೊತ್ತಿಲ್ಲ. ದೊಡ್ಡಮ್ಮ ಅನ್ಲಾ, ಚಿಕ್ಕಮ್ಮ ಅನ್ಲಾ?"

"ಅವಳು ಮುಂದೆ ಹೋದಳಲ್ಲ, ಅವಳೇ ದೊಡ್ಡವಳು. ಚಿಕ್ಕಮ್ಮ ಅನ್ನು" ಅಂದಳು ಹಲ್ಲಕ್ಕ.

ಅಮ್ಮನನ್ನು ಸಾಕಿದ ಅಜ್ಜಿ ಸಾಯುವ ಮುಂಚೆ ಹೇಳಿದ್ದರಂತೆ: ಆಸ್ಪತ್ರೆಯಲ್ಲಿ ಎರಡು ಕೂಸಿದ್ದವು, ನಮ್ಮ ಕೈಲಾದದ್ದು ಒಂದನ್ನು ಸಾಕಲಿಕ್ಕೆ, ಒಂದನ್ನು ಎತ್ತಿಕೊಂಡು ಬಂದೆವು ಎಂದು. ಅಂದಿನಿಂದ ಅಮ್ಮನಿಗೆ ಅದೇ ಹಂಬಲ.

"ಉತ್ತರ ಬರಲಿಲ್ಲ ಅಂತ ಬೈದಳಾ ನನ್ನ?" ಹಲ್ಲಕ್ಕ ಕೇಳಿದಳು.

"ಇಲ್ಲ ಚಿಕ್ಕಮ್ಮ. 'ಬಿಡು, ಅವಳಿಗೂ ಗಂಡ ಮಕ್ಕಳು ಮೊಮ್ಮಕ್ಕಳು ಅಂತ ಮನೆ ತುಂಬ ಜನ ಇರ್ತಾರೆ, ಪುರುಸೊತ್ತೆಲ್ಲಿ' ಅಂದ್ರು."

ನನಗೆ ತಡೆಯಲಾಗಲಿಲ್ಲ. ಎದ್ದು ನಲ್ಲಿಯ ಹತ್ತಿರ ಹೋಗಿ, ತೊಳೆದಿಟ್ಟಿದ್ದ ಬಟ್ಟಲುಗಳನ್ನೇ ಮತ್ತೆ ತೊಳೆದೆ.

ಹೊರಡುವಾಗ ಅವಳು ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ಅಮ್ಮಂದು. ನೀವು ಫೋನಲ್ಲಿ ಹಲ್ಲು ಕಟ್ತೀನಿ ಅಂದ್ರಲ್ಲ, ಅದಕ್ಕೇ ತಂದೆ. ಕೆಳಗಿನ ಸೆಟ್ಟು ಹಾಕ್ಕೊಂಡ್ರೆ ಚುಚ್ಚುತ್ತೆ ಅಂತಿದ್ರು. ಎಷ್ಟು ಸಲ ಸರಿಮಾಡಿಸಿದ್ರೂ ಅಷ್ಟೇ. ಕೊನೆಕೊನೆಗೆ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ನಗ್ತಿದ್ರು." ಬಾಗಿಲ ಬಳಿ ನಿಂತು ಇನ್ನೊಂದು ಮಾತು ಹೇಳಿದಳು. "ಬೇಜಾರು ಮಾಡ್ಕೋಬೇಡಿ ಚಿಕ್ಕಮ್ಮ, ಪದೇ ಪದೇ ಬರೋಕಾಗಲ್ಲ. ನಿಮ್ಮ ಮುಖ ನೋಡೋದು ನನಗೆ ಕಷ್ಟ ಆಗುತ್ತೆ. ಫೋನ್ ಮಾಡ್ತೀನಿ."

"ಮಾಡು" ಅಂದಳು ಹಲ್ಲಕ್ಕ.

ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ನಿಂತ ಮೇಲೆ ಹಲ್ಲಕ್ಕ ಕನ್ನಡಕ ಹಾಕಿಕೊಂಡು ಡಬ್ಬಿ ತೆರೆದಳು. ಕೆಳಗಿನ ಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು, ಒಳಮೈಯ ಮೇಲೆ ಹೆಬ್ಬೆರಳು ಸವರಿದಳು. ಆಮೇಲೆ ಉಜ್ಜುವ ಯಂತ್ರ ಹಾಕಿ ಒಂದು ಕಡೆ ಮಾತ್ರ ಸವೆಸತೊಡಗಿದಳು. ನಿಲ್ಲಿಸುವುದು, ಸವರಿ ನೋಡುವುದು, ಮತ್ತೆ ಸವೆಸುವುದು. ಬೆಳಿಗ್ಗೆಯೇ ಕಳಿಸಬೇಕಾದ ಮೂರು ಬಾಯಿಗಳ ಕೆಲಸ ಟ್ರೇಯಲ್ಲಿ ಹಾಗೇ ಬಿದ್ದಿತ್ತು. ಹೊಳಪು ಕೊಟ್ಟು, ತೊಳೆದು, ಬಟ್ಟೆಯಲ್ಲಿ ಒರೆಸಿದಳು.

"ಎಲ್ಲಿ ಚುಚ್ಚುತ್ತಿತ್ತು ಅಂತ ನಿನಗೆ ಹೇಗೆ ಗೊತ್ತಾಯ್ತಕ್ಕ? ಅವಳು ಹೇಳಲೇ ಇಲ್ವಲ್ಲ" ಅಂದೆ.

ಹಲ್ಲಕ್ಕ ಬಾಯಿ ತೆರೆದು, ನಾಲಿಗೆಯ ಎಡಕ್ಕೆ, ಆ ಗಂಟಿನ ಮೇಲೆ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಜಾಗ ಬಿಡಬೇಕಾಗಿತ್ತು" ಅಂದಳು. "ಕಟ್ಟಿದವರಿಗೆ ಗೊತ್ತಾಗಿಲ್ಲ."