ಕಂಪ್ಲಿ ಕೋಟೆಯಲ್ಲಿ ನನ್ನನ್ನು ಬಿಟ್ಟು ಹೋದ ಎರಡು ಕಾರುಗಳು

ಮೂರು ವರ್ಷದ ಹಿಂದಿನ ಸಂಕ್ರಾಂತಿ. ಗದಗಿನಿಂದ ನಾದಿನಿಯ ಸಂಸಾರ ಹೊಸಪೇಟೆಯ ನಮ್ಮ ಮನೆಗೆ ಬಂದಿತ್ತು. ನನ್ನ ಗಂಡನಿಗೆ ಹುರುಪು ಬಂದರೆ ಹಿಡಿಯುವವರಿಲ್ಲ. ಬೆಳಿಗ್ಗೆ ಕಂಪ್ಲಿ ಕೋಟೆ, ಮಧ್ಯಾಹ್ನ ಕಮಲಾಪುರ, ಹಂಪಿ, ಸಂಜೆ ಸಂಡೂರಿನ ಗುಡ್ಡದ ದಾರಿ, ಎಲ್ಲವೂ ಒಂದೇ ದಿನಕ್ಕೆ! ಎರಡು ಕಾರು ಹೊರಟವು. ಐದು ತಿಂಗಳ ಮಗಳನ್ನು ಎತ್ತಿಕೊಂಡು ನಾನೂ ಹೊರಟೆ.

ದಾರಿಯುದ್ದಕ್ಕೂ ಬಾಳೆ, ಭತ್ತ, ಕಬ್ಬು. ಕಂಡಕಂಡಲ್ಲಿ ಕಾರು ನಿಲ್ಲಿಸಿ ಫೋಟೊ. ಮತ್ತೆ ಹತ್ತುವಾಗ ಈ ಕಾರಿನವರು ಆ ಕಾರಿಗೆ, ಆ ಕಾರಿನವರು ಈ ಕಾರಿಗೆ. ಹರಟೆಗೆಂದು ನಾನೂ ಒಮ್ಮೆ ನಾದಿನಿಯ ಕಾರಿನಲ್ಲಿ ಕೂತಿದ್ದೆ.

ಕಂಪ್ಲಿ ಕೋಟೆಯೊಳಗೆ ಇವತ್ತಿಗೂ ಮನೆಗಳಿವೆ. ಹೊರಡುವ ಹೊತ್ತಿಗೆ, ನಿದ್ದೆ ಹೋಗಿದ್ದ ಮಗಳನ್ನು ನಮ್ಮ ಕಾರಿನಲ್ಲಿದ್ದ ಅತ್ತೆಯ ತೊಡೆಗೆ ಹಾಕಿ, ಒಂದು ಮನೆಯವರನ್ನು ಕೇಳಿಕೊಂಡು ಅವರ ಬಚ್ಚಲಿಗೆ ಹೋದೆ. ಇಂಥ ಜಾಗಗಳಲ್ಲಿ ಹೆಂಗಸರ ಪಾಡು ಹೇಳುವುದೇ ಬೇಡ. ಹೊರಗೆ ಬಂದು ನೋಡಿದರೆ ಎರಡೂ ಕಾರು ಇಲ್ಲ!

ಮೊದಲು ನಗು ಬಂತು. ಆಮೇಲೆ ಮಗಳ ನೆನಪಾಯಿತು. ಮಗಳು ಹಾಲು ಕುಡಿದು ಬಹಳ ಹೊತ್ತಾಗಿತ್ತು, ಬಾಟಲಿಯನ್ನಂತೂ ಅವಳು ಮುಟ್ಟುತ್ತಿರಲಿಲ್ಲ. ನನ್ನ ಫೋನು ಅವಳ ಬಟ್ಟೆಯ ಚೀಲದಲ್ಲಿತ್ತು, ಅವಳ ನಿದ್ದೆ ಕೆಡಬಾರದೆಂದು ಸೈಲೆಂಟ್ ಬೇರೆ ಮಾಡಿದ್ದೆ.

"ಗಾಬರಿ ಆಗಬ್ಯಾಡ್ರಿ, ನಂಬರ್ ಹೇಳ್ರಿ" ಎಂದು ಮನೆಯಾಕೆ ಈರಮ್ಮ ತನ್ನ ಫೋನು ತೆಗೆದಳು.

ನನಗೆ ನೆನಪಿದ್ದದ್ದು ನನ್ನ ನಂಬರೊಂದೇ. ಮದುವೆಯಾದಾಗಿನಿಂದ ಗಂಡನ ಹೆಸರು ಒತ್ತಿದ್ದೇ ಹೊರತು ಅಂಕಿ ನೋಡಿದವಳಲ್ಲ.

"ಶಿವನೇ! ನಿಮಗ ನೀವ ಫೋನ್ ಮಾಡ್ಕೊಂಡ್ರ ಯಾರ್ ಎತ್ತಬೇಕ್ರಿ?" ಎಂದಳು. ಆದರೂ ಮತ್ತೆ ಮತ್ತೆ ಮಾಡಿದೆವು. ಯಾರೂ ಎತ್ತಲಿಲ್ಲ.

ಈರಮ್ಮನ ಗಂಡ ಗೂಡ್ಸ್ ಆಟೊದಲ್ಲಿ ಬಾಳೆಗೊನೆ ತುಂಬಿಕೊಂಡು ಕಮಲಾಪುರಕ್ಕೆ ಹೊರಟಿದ್ದ. ನಮ್ಮ ಕಾರುಗಳು ಹೋದ ದಾರಿಯೂ ಅದೇ, ನಾನು ಹತ್ತಿ ಕೂತೆ. "ಕೂಸಿನ ತಾಯಿನ್ನ ಒಬ್ಬಾಕಿನ್ನ ಹೆಂಗ ಕಳಸ್ಲಿ?" ಎಂದು ಈರಮ್ಮ ಒಲೆ ಆರಿಸಿ ತಾನೂ ಹತ್ತಿದಳು.

ಮುಂದೆ ಕಬ್ಬಿನ ಟ್ರ್ಯಾಕ್ಟರು. ಆಟೊ ತೆವಳುತ್ತಿತ್ತು. "ಜಲ್ದಿ ಹೋಗ್ರಿ ಅಣ್ಣಾ" ಎಂದು ಎಷ್ಟು ಸಲ ಹೇಳಿದೆನೋ. ಬೆಳಿಗ್ಗೆ ನಾವು ಫೋಟೊ ತೆಗೆಸಿಕೊಂಡಿದ್ದ ಗದ್ದೆಗಳ ಮೇಲೆ ಈಗ ಸಿಟ್ಟು ಬರುತ್ತಿತ್ತು, ಮುಗಿಯುತ್ತಲೇ ಇರಲಿಲ್ಲ. ಎದೆ ಬಿಗಿದು, ಹಾಲು ಸೋರಿ ಕುಪ್ಪಸ ಒದ್ದೆಯಾಯಿತು. ಗುರುತಿಲ್ಲದ ಗಂಡಸಿನ ಮುಂದೆ ನಾಚಿಕೆಯಿಂದ ಕುಗ್ಗಿಹೋದೆ. ಈರಮ್ಮ ತನ್ನ ಹೆಗಲ ಮೇಲಿದ್ದ ಕೆಂಪು ಟವೆಲನ್ನು ನನಗೆ ಹೊದಿಸಿದಳು.

ರಾಮಸಾಗರ ದಾಟಿದ ಮೇಲೆ ಎದುರಿಗೆ ನಮ್ಮ ಕಾರು ಬಂತು! "ಅದೇ, ಅದೇ" ಎಂದು ಕಿರುಚಿದೆ. ನನ್ನನ್ನು ಹುಡುಕಲು ಹೊರಟವರು ಭರ್ರನೆ ನನ್ನನ್ನೇ ದಾಟಿ ಹೋದರು. ತೆರೆದ ಕಿಟಕಿಯಿಂದ ಮಗಳ ಅಳು ಒಂದು ಕ್ಷಣ ಕೇಳಿತು, ಅಷ್ಟೆ. ಈರಮ್ಮ ಹೊದಿಸಿದ್ದ ಟವೆಲನ್ನೇ ಸರಕ್ಕನೆ ಎಳೆದು ಹೊರಗೆ ಬೀಸಿದಳು. ಅದರ ಹಿಂದೆ ಬರುತ್ತಿದ್ದ ನಾದಿನಿಯ ಕಾರು ನಿಂತಿತು. ಅವಳು ಫೋನು ಮಾಡಿದ ಮೇಲೆ ನಮ್ಮ ಕಾರೂ ತಿರುಗಿ ಬಂತು.

ಮಗಳನ್ನು ಎದೆಗೆ ಹಾಕಿಕೊಂಡಾಗ ನನಗೂ ಅಳು ತಡೆಯಲಾಗಲಿಲ್ಲ.

"ನೀ ಆ ಕಾರಿನ್ಯಾಗ ಅದಿ ಅಂತ ತಿಳದಿದ್ವಿ ಯವ್ವಾ" ಎಂದರು ಅತ್ತೆ. "ಇಕಿ ಎದ್ದು ಅಳಾಕ ಹತ್ತಿದ್ಲು. ಗಾಡಿ ನಿಲ್ಲಿಸಿ ನಿನ್ನ ಕರಿಯಾಕ ಹೋದ್ರ ಅಲ್ಲೂ ಇಲ್ಲ!"

ಈರಮ್ಮ ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಕೋಟೆ ಎಲ್ಲೀಗೂ ಓಡಿ ಹೋಗಂಗಿಲ್ರಿ. ಮಂದೀನ ನೋಡ್ಕೊಂಡು ಗಾಡಿ ಬಿಡ್ರಿ" ಎಂದಳು.

ಆ ದಿನ ಹಂಪಿಗೂ ಹೋಗಲಿಲ್ಲ, ಸಂಡೂರಿಗೂ ಹೋಗಲಿಲ್ಲ. ಗಂಡನ ನಂಬರು ಈಗ ನನಗೆ ಬಾಯಿಪಾಠ. ಮನೆಯಲ್ಲಿ ಈ ಕಥೆ ಹೇಳಿಕೊಂಡು ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಎರಡು ಕಾರಿನ ತುಂಬ ನನ್ನವರೇ ಇದ್ದರು. ನಾನಿಲ್ಲ ಎಂದು ಗೊತ್ತಾದದ್ದು ಇನ್ನೂ ಮಾತು ಬಾರದ ನನ್ನ ಮಗಳೊಬ್ಬಳಿಗೇ.